ನೆರಳಲ್ಲಿ ಒಣಗಿದ ಸೈಕಲ್ಲು ಸಿರುಗುಪ್ಪಕ್ಕೆ ಹೋಗಿ ಬಂದದ್ದು

ಏಪ್ರಿಲ್ ತಿಂಗಳ ಎರಡನೆಯ ಭಾನುವಾರ, ಬೆಳಗಿನ ನಾಲ್ಕು ಗಂಟೆ ಐವತ್ತು ನಿಮಿಷ. ಸ್ಥಳ ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ಮಹಬೂಬನ ಬಸ್ಸಿನ ಫೈಬರ್ ಸಾಮಾನಿನ ಅಂಗಡಿ. ಹಾಜರಿದ್ದವರು ಮಹಬೂಬ, ಅವನ ಹೆಂಡತಿ ಜುಬೇದಾ ಮತ್ತು ನಾನು. ಸೈಕಲ್ಲು ಹಳೆಯ ಹತ್ತಿ ಚಾದರ ಹೊದ್ದು ಗೋಡೆಗೆ ಒರಗಿತ್ತು. ಮಹಬೂಬ ಚಾದರ ಸರಿಸಿದ. ಜುಬೇದಾ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದನ್ನು ಮೇಲಿಂದ ಕೆಳಗೆ ನೋಡಿ, "ಮದುಮಗನ್ನ ಕಳಿಸ್ದಂಗ ಕಳಿಸಾಕತ್ತೀರಿ. ತಿರುಗಿ ಬಂದ್ರ ಸಾಕು," ಎಂದಳು.

ಹಾಗೆನ್ನಲು ಕಾರಣವಿತ್ತು. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಅದಿರಿನ ಲಾರಿಗಳದೇ ಕಾರುಬಾರು. ಲಾರಿಗೆ ಬಾಡಿ ಕಟ್ಟಿಸುವ ಮಾಲೀಕನೊಬ್ಬ ಮಹಬೂಬನಿಗೆ ಖಾಯಂ ಕೆಲಸ ಕೊಡಲು ತಯಾರಿದ್ದ. ಟಿಪ್ಪರುಗಳ ಮಡ್‌ಗಾರ್ಡು, ಕ್ಯಾಬಿನ್ನಿನ ಒಳಗಿನ ಸಾಮಾನು, ವರ್ಷಪೂರ್ತಿ. ಆದರೆ ಅಂಗಡಿ ಮುಚ್ಚಿ ಅಲ್ಲಿಗೇ ಬರಬೇಕು, ಸೈಕಲ್ಲಿನ ಹುಚ್ಚು ಬಿಡಬೇಕು, ಉತ್ತರವನ್ನು ಈ ಭಾನುವಾರ ರಾತ್ರಿ ಒಂಬತ್ತರೊಳಗೆ ಹೇಳಬೇಕು. ಗಂಡ ಹೆಂಡಿರ ನಡುವೆ ಒಂದು ಕರಾರಾಗಿತ್ತು. ಸೈಕಲ್ಲು ಸಿರುಗುಪ್ಪಕ್ಕೆ ಹೋಗಿ ತನ್ನ ಗಾಲಿಗಳ ಮೇಲೇ ವಾಪಸು ಬಂದರೆ ಅಂಗಡಿ ಉಳಿಯುತ್ತದೆ. ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡು ಬಂದರೆ ಸೋಮವಾರದಿಂದ ಟಿಪ್ಪರು.

ಇದರಲ್ಲಿ ನನ್ನ ಪಾತ್ರವೇನು ಎಂದು ಹೇಳಬೇಕು. ನಾನು ಮೂವತ್ತನಾಲ್ಕು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಮೂಳೆ ವಾರ್ಡಿನ ಪ್ಲಾಸ್ಟರ್ ಕೋಣೆಯಲ್ಲಿ. ಮಹಬೂಬ ಒಮ್ಮೆ ಕಾಲು ಮುರಿದುಕೊಂಡು ಬಂದಾಗ ಪ್ಲಾಸ್ಟರ್ ಸುತ್ತಿದವಳು ನಾನೇ. ನೋವಿನಲ್ಲೂ ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಅದಾಗಿ ಹತ್ತು ವರ್ಷದ ಮೇಲೆ, ನಾನು ನಿವೃತ್ತಳಾಗಿ ಪಾರ್ವತಿನಗರದ ಮನೆಯಲ್ಲಿದ್ದಾಗ, ಒಂದು ತುಂಡಾದ ಸೈಕಲ್ ಚೌಕಟ್ಟು ಹಿಡಿದುಕೊಂಡು ಬಾಗಿಲಿಗೆ ಬಂದ. ಅದು ಸಿರುಗುಪ್ಪದ ರೈಸ್‌ಮಿಲ್ ಮಾಲೀಕ ಶಿವಪುತ್ರಪ್ಪನವರದು. ಅವರಿಗೆ ಸೈಕಲ್ ರೇಸಿನ ಮರುಳು. ವಿದೇಶದಿಂದ ಲಕ್ಷಕ್ಕೂ ಮೇಲೆ ಕೊಟ್ಟು ತರಿಸಿದ ಕಾರ್ಬನ್ ಸೈಕಲ್ಲು, ಸಂದಿನಲ್ಲಿ ಬಿಟ್ಟುಕೊಂಡಿತ್ತು.

"ಸಿಸ್ಟರಮ್ಮ, ಒಳಗ ನೋಡ್ರಿ. ಬಟ್ಟಿ, ಅಂಟು. ಮತ್ತೇನೂ ಇಲ್ಲ. ಕೊಳವಿ ನಾ ಮಾಡ್ತೀನಿ. ಈ ಸಂದು ಕಟ್ಟೋದು ಮಾತ್ರ ನೀವು ಕಲಿಸ್ರಿ. ನನ್ನ ಕಾಲು ಕಟ್ಟಿದ್ರಲ್ಲ, ಹಂಗ."

ಹೀಗೆ ಶುರುವಾಯಿತು. ಬೆಂಗಳೂರಿನಲ್ಲಿ ತೂಕಕ್ಕೆ ಸಿಗುವ ಕಾರ್ಬನ್ ಬಟ್ಟೆಯ ತುಂಡುಗಳನ್ನು ಅವನು ತಂದ. ಕಿಟಕಿ ಪರದೆಯ ಅಲ್ಯೂಮಿನಿಯಂ ಕೊಳವೆಗೆ ಮೇಣ ಸವರಿ, ಅದರ ಮೇಲೆ ರೆಸಿನ್ ಎಂಬ ಅಂಟಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಗಟ್ಟಿಯಾದ ಮೇಲೆ ಒಳಗಿನ ಕೊಳವೆ ಎಳೆದು ತೆಗೆದರೆ ಕಾರ್ಬನ್ ಕೊಳವೆ ತಯಾರು. ಎರಡು ಕೊಳವೆ ಕೂಡುವ ಕಡೆ ನಾನು ಪ್ಲಾಸ್ಟರ್ ಪಟ್ಟಿ ಸುತ್ತುವ ಹಾಗೆಯೇ ಸುತ್ತಿಸಿದೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು, ಮೂಲೆಯಲ್ಲಿ ಕನ್ನಡದ ಎಂಟರ ಆಕಾರವಲ್ಲ, ಇಂಗ್ಲಿಷಿನ ಎಂಟರ ಆಕಾರ ಬರಬೇಕು. ಅದರ ಮೇಲೆ ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಕತ್ತರಿಸಿ ಬಿಗಿಯಾಗಿ ಸುತ್ತಿದರೆ ಹೆಚ್ಚಿನ ರೆಸಿನ್ನು ಹೊರಗೆ ಬರುತ್ತಿತ್ತು. ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿ ನನ್ನ ಕೈಬರಹದಲ್ಲಿ ನಿಯಮ ಬರೆದೆ: 'ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಡಬಾರದು.' ಪ್ಲಾಸ್ಟರ್ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ನಡೆದ ನಿಯಮವದು.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಸೋತೆ. ಬಿಳಿ ಹಚ್ಚು ಎಂದಿದ್ದೆ. "ಈ ಊರಾಗ ಬಿಳಿ ಮೂರು ದಿನಕ್ಕ ಕೆಂಪಾಗ್ತೈತ್ರಿ. ನೇಯ್ಗಿ ಕಾಣ್ಲಿ ಬಿಡ್ರಿ," ಎಂದು ಕಾರ್ಬನ್ನಿನ ಕರಿಯ ನೇಯ್ಗೆಯನ್ನು ಹಾಗೆಯೇ ಬಿಟ್ಟು, ಮೇಲೆ ಹೊಳಪು ಹಚ್ಚಿ, ಉದ್ದಕ್ಕೆ ಒಂದೇ ಒಂದು ಅರಿಶಿನ ಬಣ್ಣದ ಗೆರೆ ಎಳೆದ. ಸತ್ಯ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಹೊಸ ರೇಷ್ಮೆ ಸೀರೆಯ ಮಡಿಕೆಯ ಹಾಗೆ ಹೊಳೆಯುತ್ತಿತ್ತು. ಗಾಲಿ, ಗೇರು, ಬ್ರೇಕು ಎಲ್ಲ ಸಾಧಾರಣ ಅಂಗಡಿಯವು. ಒಟ್ಟು ತೂಕ ಒಂಬತ್ತು ಮುಕ್ಕಾಲು ಕಿಲೋ. ಮಾರುವ ಬೆಲೆ ಇಪ್ಪತ್ತೆರಡು ಸಾವಿರ.

ಶಿವಪುತ್ರಪ್ಪನವರು ತಮ್ಮ ರೇಸಿನ ಹುಡುಗರಿಗೆ ಆರು ಸೈಕಲ್ಲು ಕೊಳ್ಳುವುದಾಗಿ ಹೇಳಿದ್ದರು. ಶರತ್ತು ಎರಡು. ಸೈಕಲ್ಲು ತುಳಿದುಕೊಂಡೇ ಬರಬೇಕು, ಮತ್ತು ನೇರ ರಸ್ತೆ ಬಿಟ್ಟು ಕುರುಗೋಡಿನ ಮೇಲೆ ಬರಬೇಕು. "ಆ ರಸ್ತಿ ತಡದ್ರ ಎಲ್ಲಾ ರಸ್ತಿ ತಡೀತೈತಿ," ಎಂದು ಫೋನಿನಲ್ಲಿ ನಕ್ಕಿದ್ದರು.

ತುಳಿಯುವವರು ಯಾರು ಎಂಬ ಪ್ರಶ್ನೆ ಬಂತು. ಊರಿನ ಇಬ್ಬರು ರೇಸುಗಾರರು, ಅಂಟು ಹಚ್ಚಿದ ಸೈಕಲ್ ಹತ್ತುವುದಿಲ್ಲ ಎಂದರು. ಮಹಬೂಬನ ತೂಕ ತೊಂಬತ್ತೆರಡು ಕಿಲೋ. ತಾನು ಕೂತರೆ ಮುರಿಯುತ್ತದೆ ಎಂದು ಅವನು ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಉಳಿದವಳು ನಾನು. ವಯಸ್ಸು ಅರವತ್ತೆರಡು, ತೂಕ ಐವತ್ನಾಲ್ಕು, ಡ್ಯೂಟಿಗೆ ಮಳೆ ಬಿಸಿಲೆನ್ನದೆ ಸೈಕಲ್ಲಿನಲ್ಲೇ ಹೋದವಳು. ಎರಡು ತಿಂಗಳಿಂದ ಪ್ರತಿದಿನ ಐದೂವರೆಯಿಂದ ಏಳರವರೆಗೆ ಕಂಟೋನ್ಮೆಂಟಿನ ರಸ್ತೆಗಳಲ್ಲಿ ಅದನ್ನು ತುಳಿದು ರೂಢಿ ಮಾಡಿಕೊಂಡಿದ್ದೆ. ಏಳಕ್ಕೆ ಸರಿಯಾಗಿ ಅದು ಮತ್ತೆ ಅಂಗಡಿಯಲ್ಲಿ ಚಾದರದ ಕೆಳಗೆ.

ಐದು ಹತ್ತಕ್ಕೆ ಹೊರಟೆವು. ನಾನು ಮುಂದೆ ಸೈಕಲ್ಲಿನ ಮೇಲೆ, ಮಹಬೂಬ ಹಿಂದೆ ಮೊಪೆಡ್ಡಿನಲ್ಲಿ, ಪಾನಾ, ಪಂಪು, ನೀರಿನ ಕ್ಯಾನು ಕಟ್ಟಿಕೊಂಡು. ನನ್ನ ಹೆಗಲಚೀಲದಲ್ಲಿ ಸೈಕಲ್ಲಿನ ಕಡತ, ಅಳತೆ ಟೇಪು, ಒಂದು ಗೋಡೆ ಥರ್ಮಾಮೀಟರು, ನಾಲ್ಕು ಕ್ರೇಪ್ ಬ್ಯಾಂಡೇಜು. ಬ್ಯಾಂಡೇಜಿಲ್ಲದೆ ಮನೆಯಿಂದ ಹೊರಡುವುದು ನನಗೆ ಇನ್ನೂ ಬಂದಿಲ್ಲ. ಸಲ್ವಾರಿನ ಕಾಲನ್ನು ಎರಡು ಬಟ್ಟೆ ಕ್ಲಿಪ್ಪುಗಳಿಂದ ಬಿಗಿದುಕೊಂಡಿದ್ದೆ.

ಊರು ದಾಟುವಾಗ ರಸ್ತೆ ಬದಿಗೆ ಲಾರಿಗಳ ಸಾಲು. ಚಾಲಕರು ಎದ್ದು ಹಲ್ಲುಜ್ಜುತ್ತಿದ್ದರು. ಲಾರಿ, ಬೇವಿನ ಮರ, ಮಲಗಿದ್ದ ನಾಯಿ, ಎಲ್ಲಕ್ಕೂ ಒಂದೇ ಕೆಂಪು ಧೂಳು. ಒಬ್ಬ ಚಾಲಕ ಬಾಯಿಯ ನೊರೆ ಉಗುಳಿ ಕೂಗಿದ:

"ಏ ಯಮ್ಮಾ, ಎಲ್ಲಿಗಿ ರೇಸು?"

"ಸಿರುಗುಪ್ಪಕ್ಕೆ. ಬರ್ತೀಯೇನಪ್ಪ?"

"ನನ್ನ ಗಾಡಿ ಆರು ದಿನದಿಂದ ಇಲ್ಲೇ ಐತಿ. ನೀವು ಹೋಗಿ ಬಂದ್ರೂ ಇಲ್ಲೇ ಇರ್ತೈತಿ!" ಎಂದ. ಸಾಲಿನುದ್ದಕ್ಕೂ ನಗೆ ಹರಿದು ಹೋಯಿತು.

ಕುರುಗೋಡಿನ ರಸ್ತೆಯ ಬಗ್ಗೆ ಶಿವಪುತ್ರಪ್ಪನವರು ಸುಳ್ಳು ಹೇಳಿರಲಿಲ್ಲ. ಡಾಂಬರು ಒಂದು ಫರ್ಲಾಂಗ್ ಇದ್ದರೆ ಮುಂದಿನ ಫರ್ಲಾಂಗ್ ಕಲ್ಲು. ಸಣ್ಣ ಗುಂಡಿ ತಪ್ಪಿಸಿದರೆ ದೊಡ್ಡದು ಕಾದಿರುತ್ತಿತ್ತು. ಆದರೆ ಸೈಕಲ್ಲಿನ ಗುಣ ನನಗೆ ಅಲ್ಲಿಯೇ ತಿಳಿದದ್ದು. ನನ್ನ ಹಳೆಯ ಕಬ್ಬಿಣದ ಸೈಕಲ್ಲಾಗಿದ್ದರೆ ಪ್ರತಿ ಕಲ್ಲಿನ ಸುದ್ದಿಯನ್ನೂ ಬೆನ್ನುಮೂಳೆಗೆ ಮುಟ್ಟಿಸುತ್ತಿತ್ತು. ಇದು ಅರ್ಧವನ್ನು ತಾನೇ ನುಂಗಿಕೊಂಡಿತು. ಪೆಡಲು ಒತ್ತಿದರೆ ತಡವಿಲ್ಲದೆ ಮುಂದಕ್ಕೆ ಹಾರುತ್ತಿತ್ತು. ಎರಡು ಕಡೆ ಮಹಬೂಬನ ಮೊಪೆಡ್ಡೇ ಹಿಂದೆ ಬಿತ್ತು.

ಏಳು ಐದಕ್ಕೆ ಕುರುಗೋಡು. ಮೊಪೆಡ್ಡಿನ ಮೀಟರಿನ ಪ್ರಕಾರ ಇಪ್ಪತ್ತೆಂಟು ಕಿಲೋಮೀಟರು. ಉಷ್ಣಾಂಶ ಇಪ್ಪತ್ತೊಂಬತ್ತು ಡಿಗ್ರಿ. ಸುತ್ತಲಿನ ಬಂಡೆಗುಡ್ಡಗಳ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ದೊಡ್ಡ ಬಸವೇಶ್ವರನ ಗುಡಿಗೆ ಹೋಗಿ ಕೈಮುಗಿದು ಬಂದೆ. ಮಹಬೂಬ ಹೊರಗೆ ನಿಂತು ಸೈಕಲ್ಲಿನ ಒಂದೊಂದು ಸಂದನ್ನೂ ಮುಟ್ಟಿ ನೋಡುತ್ತಿದ್ದ. "ಎಲ್ಲಾ ಗಟ್ಟಿ ಅದಾವ ಸಿಸ್ಟರಮ್ಮ. ನಿಮ್ಮ ಬಸವಣ್ಣನಂಗ," ಎಂದ. ಅಷ್ಟು ದೊಡ್ಡ ಕಲ್ಲಿನ ಬಸವಣ್ಣನಿಗೆ ಹೋಲಿಸುವುದು ಹೆಚ್ಚಾಯಿತು ಎಂದೆ.

ಗುಡಿಯ ಹತ್ತಿರದ ತಟ್ಟಿ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ, ಚಹಾ. ಇಬ್ಬರಿಗೂ ಸೇರಿ ಇಪ್ಪತ್ತು ರೂಪಾಯಿ. ಹೋಟೆಲಿನ ಹೆಂಗಸು ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಬೆಚ್ಚಿಬಿದ್ದು ಇಳಿಸಿದಳು.

"ಅಯ್ಯ, ಇದ್ರಾಗ ಏನೂ ಇಲ್ಲೇ ಇಲ್ಲಲ್ಲ! ಹಗೂರಂದ್ರ ಹಗೂರ. ಕಾಗದದ್ದಾ ಏನಕ್ಕ?"

"ಬಟ್ಟಿದು," ಎಂದ ಮಹಬೂಬ.

"ಬಟ್ಟಿದಾ? ಮತ್ತ ಒಗೀಬೇಕಂದ್ರ?"

ಮಹಬೂಬನಿಗೆ ನಗು ತಡೆಯದೆ ಚಹಾ ನೆತ್ತಿಗೇರಿತು. ಹೊರಡುವಾಗ ಆಕೆ ನನಗೆ ಇನ್ನೊಂದು ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ರೊಕ್ಕ ಬೇಡ ಎಂದಳು.

ಏಳು ನಲವತ್ತಕ್ಕೆ ಮುಂದಿನ ಹಂತ. ಹೊಲಗಳ ನಡುವೆ ಹೋಗಿ ಸಿರುಗುಪ್ಪದ ದೊಡ್ಡ ರಸ್ತೆಗೆ ಸೇರಿದೆವು. ಕೆಂಪು ಹಿಂದೆ ಉಳಿಯಿತು. ಕಾಲುವೆ ಬಂತು, ಕಾಲುವೆಯೊಂದಿಗೆ ಭತ್ತ. ಬೇಸಗೆ ಬೆಳೆಯ ಕೊಯ್ಲು ನಡೆದಿತ್ತು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು, ಉಳಿದರ್ಧದಲ್ಲಿ ನಾವು, ಬಸ್ಸು, ಟ್ರ್ಯಾಕ್ಟರು. ತೆಕ್ಕಲಕೋಟೆಯಲ್ಲಿ ಎಂಟು ನಿಮಿಷ ನಿಂತು ನೀರು ಕುಡಿದೆವು. ಹುಬ್ಬಿನಿಂದ ಬೆವರು ಹನಿಯುತ್ತಿತ್ತು. ಮೊಣಕಾಲು ನನ್ನ ಮಾತು ಕೇಳುವುದನ್ನು ನಿಧಾನ ಮಾಡಿತ್ತು. ಆದರೂ ಒಂಬತ್ತು ಐವತ್ತಕ್ಕೆ, ಲೆಕ್ಕ ಹಾಕಿದ್ದಕ್ಕಿಂತ ಹತ್ತು ನಿಮಿಷ ಮೊದಲೇ, ಸಿರುಗುಪ್ಪದ ರೈಸ್‌ಮಿಲ್ಲಿನ ಗೇಟಿನೊಳಗೆ ಇಳಿದೆ.

ಶಿವಪುತ್ರಪ್ಪನವರು ಐವತ್ತೈದರ ಆಸುಪಾಸಿನವರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕಾಲಲ್ಲಿ ಸೈಕಲ್ ರೇಸಿನ ಬೂಟು. ಸೈಕಲ್ಲು ಕಂಡದ್ದೇ ತಡ, ನಮ್ಮನ್ನು ಮಾತನಾಡಿಸುವುದನ್ನೂ ಮರೆತರು. "ನಡುವ ನಿಲ್ಲಿಸ್ರಿ, ನಡುವ! ಎಲ್ಲಾರೂ ನೋಡ್ಲಿ!" ಎಂದು ಭತ್ತ ಒಣಗಿಸುವ ಸಿಮೆಂಟು ಕಣದ ನಟ್ಟನಡುವೆ ನಿಲ್ಲಿಸಿದರು. ಮಿಲ್ಲಿನವರೆಲ್ಲ ಸುತ್ತ ನೆರೆದರು. ಯಾರೋ ಫೋಟೊ ತೆಗೆದರು. ಕರಿಯ ನೇಯ್ಗೆ, ಅರಿಶಿನ ಗೆರೆ, ಸುತ್ತ ಬಿಳಿ ಸಿಮೆಂಟು. ಪ್ರದರ್ಶನದಲ್ಲಿಟ್ಟ ಹಾಗೆ ಕಾಣುತ್ತಿತ್ತು. ನಮ್ಮನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಆಮೇಲೆ ಮಂಡಕ್ಕಿ, ಆಮೇಲೆ ಚಹಾ. ಅವರ ರೇಸುಗಳ ಕಥೆ ಒಂದೂವರೆ ಗಂಟೆ ನಡೆಯಿತು. ಅಷ್ಟು ಹೊತ್ತೂ ಸೈಕಲ್ಲು ಬಿಸಿಲಿನಲ್ಲೇ ಇತ್ತು. ಮೊದಲ ಬಾರಿಗೆ.

ಹನ್ನೊಂದು ಇಪ್ಪತ್ತಕ್ಕೆ ಶಿವಪುತ್ರಪ್ಪನವರು ಪಂಚೆ ಎತ್ತಿ ಕಟ್ಟಿ ಸೈಕಲ್ ಹತ್ತಿದರು. ಒಂದು ಸುತ್ತು ಹೊಡೆದರು. ಎರಡನೆಯ ಸುತ್ತಿನಲ್ಲಿ ಹಿಂದಿನ ಗಾಲಿ ಕಿರ್ ಎಂದು ಚೌಕಟ್ಟಿಗೆ ಉಜ್ಜಿ ನಿಂತಿತು.

"ಲೇ ಮಹಬೂಬ, ಇದೇನು ಸೈಕಲ್ಲೋ ಕತ್ತೆಯೋ? ಮ್ಯಾಲೆ ಕುಂತ್ರ ಸೊಂಟ ಅಳ್ಳಾಡಿಸ್ತೈತಿ!"

ಸುತ್ತಲಿದ್ದವರು ನಕ್ಕರು. ಮಹಬೂಬ ನಗಲಿಲ್ಲ. ನಾನು ಹೋಗಿ ಸೀಟಿನ ಕೆಳಗಿನ ಸಂದನ್ನು ಮುಟ್ಟಿದೆ. ಕೈ ಇಡಲಾರದಷ್ಟು ಬಿಸಿ. ಕೈಗೆ ದುಪಟ್ಟಾ ಸುತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದಲ್ಲಿ ತಗ್ಗಿತು. ಆ ಸ್ಪರ್ಶ ನನಗೆ ಚೆನ್ನಾಗಿ ಗೊತ್ತು. ಇನ್ನೂ ಒಳಗೆ ಹಸಿಯಿರುವ ಪ್ಲಾಸ್ಟರು ಹಾಗೆ ತಗ್ಗುತ್ತದೆ. ಮುರಿದಿರಲಿಲ್ಲ, ಮೆತ್ತಗಾಗಿತ್ತು. ಹಿಂಭಾಗ ಒಂದು ಬೆರಳಿನಷ್ಟು ಎಡಕ್ಕೆ ವಾಲಿತ್ತು.

"ನಂದು ತಪ್ಪಾತ್ರಿ ಗೌಡ್ರೆ," ಎಂದ ಮಹಬೂಬ. "ಕಪ್ಪು ಬಿಟ್ಟಿದ್ದು ನಾನು. ಕಪ್ಪು ಬಿಸಿಲು ಕುಡೀತೈತಿ. ಖಲಾಸ್. ಮೊಪೆಡ್ ಮ್ಯಾಲೆ ಕಟ್ಟಿಕೊಂಡು ಹೋಗ್ತೀವಿ."

ಹೇಳಿ, ಹಗ್ಗ ಹುಡುಕಲು ಮೊಪೆಡ್ಡಿನ ಕಡೆ ತಿರುಗಿದ. ನನಗೆ ಆಗ ಕಡತದ ನೆನಪಾಯಿತು. ರೆಸಿನ್ನಿನ ಡಬ್ಬಿಯೊಂದಿಗೆ ಬಂದ ಸೂಚನೆಯ ಹಾಳೆ ಅದರಲ್ಲಿತ್ತು. ನೆರಳಿಗೆ ಹೋಗಿ ತೆರೆದೆ. ಮೊದಲು ಇಪ್ಪತ್ತನಾಲ್ಕು ಗಂಟೆ ಸಾಮಾನ್ಯ ಉಷ್ಣಾಂಶದಲ್ಲಿ ಇಡಬೇಕು ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ, ಬಳಿಕ ಹಂತಹಂತವಾಗಿ ಎಪ್ಪತ್ತು ಡಿಗ್ರಿಯವರೆಗೆ ಕಾಯಿಸಿದರೆ ಮಾತ್ರ ಪೂರ್ಣ ಗಟ್ಟಿಯಾಗುತ್ತದೆ ಎಂದಿತ್ತು. ಆ ಕೆಳಗಿನ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು. ಪಕ್ಕದಲ್ಲಿ 'ಅಗತ್ಯವಿಲ್ಲ' ಎಂಬ ಷರಾ, ಅದರ ಕೆಳಗೆ ನನ್ನ ಸಹಿ.

ಪ್ಲಾಸ್ಟರನ್ನು ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ. ಇದೂ ಪ್ಲಾಸ್ಟರಿನ ಜಾತಿಯದೇ ಎಂದುಕೊಂಡು, ತಯಾರಿಸಿದವರು ಅಚ್ಚು ಹಾಕಿಸಿದ್ದನ್ನು ನಾನು ತಿದ್ದಿದ್ದೆ. ಬೆಳಗಿನ ಏಳರ ನಂತರ ಅದನ್ನು ಹೊರಗೆ ಬಿಡದ ನನ್ನ ಶಿಸ್ತಿನಿಂದಾಗಿ ಎರಡು ತಿಂಗಳು ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಳೆ ಹಿಡಿದುಕೊಂಡು ಇಬ್ಬರ ಎದುರಿಗೆ ಹೋದೆ. "ತಪ್ಪು ಮಹಬೂಬನದಲ್ಲ, ನನ್ನದು," ಎಂದು ಕೆಂಪು ಗೆರೆ ತೋರಿಸಿದೆ. ಶಿವಪುತ್ರಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ಮಹಬೂಬ ಓದಲೇ ಇಲ್ಲ.

"ನಿನಗೆ ಗೊತ್ತಿತ್ತೇನು?" ಎಂದು ಅವನನ್ನು ಕೇಳಿದೆ.

"ಬಸ್ಸಿನ ಫೈಬರ್ ಎಲ್ಲಾ ಮಾಳಗಿ ಮ್ಯಾಲೆ ಬಿಸಿಲಿಗೇ ಇಡ್ತೀನ್ರಿ. ಗಟ್ಟಿ ಆಗ್ತೈತಿ. ಇದನ್ನೂ ಇಡಬೇಕಂತಿದ್ದೆ. ನೀವು ಹಲಗಿ ಬರದ್ರಿ."

"ಹೇಳಬಾರದಿತ್ತೇ?"

"ನನ್ನ ಕಾಲು ಕೂಡಿಸಿದ ಕೈ ಅದು. ಅದಕ್ಕ ನಾ ಏನ್ ಹೇಳ್ಲಿ?"

ಇಷ್ಟು ವರ್ಷ ಯಾರೂ ನನ್ನ ಹಲಗೆಗೆ ಎದುರು ಹೇಳಿರಲಿಲ್ಲ. ಅದನ್ನು ನಾನು ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ. ಅದರ ವಿಚಾರ ಆಮೇಲೆ ಮಾಡಿದರಾಯಿತು ಎಂದು ಗಡಿಯಾರ ನೋಡಿದೆ. ಹನ್ನೊಂದು ಮೂವತ್ತೈದು. ರಾತ್ರಿ ಒಂಬತ್ತಕ್ಕೆ ಇನ್ನೂ ಒಂಬತ್ತು ಗಂಟೆ ಇಪ್ಪತ್ತೈದು ನಿಮಿಷ.

"ಗೌಡರೆ, ನಿಮ್ಮಲ್ಲಿ ಭತ್ತ ಯಾವುದರಲ್ಲಿ ಒಣಗಿಸುತ್ತೀರಿ?"

"ಕುದಿಸಿದ ಭತ್ತನಾ? ಡ್ರೈಯರ್ ಐತ್ರಿ. ಬಿಸಿಗಾಳಿ ಬಿಡ್ತೀವಿ."

"ಎಷ್ಟು ಡಿಗ್ರಿ?"

"ಎಷ್ಟು ಬೇಕ್ರಿ?"

ಮಹಬೂಬ ಕೈಯಲ್ಲಿದ್ದ ಹಗ್ಗ ಕೆಳಗೆ ಹಾಕಿದ.

ಮುಂದಿನದು ನನಗೆ ರೂಢಿಯ ಕೆಲಸ. ಮುರಿದ ಮೂಳೆಯನ್ನು ಮೊದಲು ನೆಟ್ಟಗೆ ಕೂಡಿಸಬೇಕು, ಅಲುಗದಂತೆ ಕಟ್ಟಬೇಕು, ಆಮೇಲೆ ಕಾಯಬೇಕು. ಗಾಲಿ, ಸರಪಳಿ, ಸೀಟು ಎಲ್ಲ ಬಿಚ್ಚಿ ಚೌಕಟ್ಟನ್ನು ಬೋರಲು ಹಾಕಿದೆವು. ಗೋಣಿಚೀಲ ಹೊಲಿಯುವ ದಾರವನ್ನು ಮುಂಭಾಗದಿಂದ ಹಿಂದಿನ ಗಾಲಿ ಕೂರುವ ಎರಡೂ ಬದಿಗೆ ಎಳೆದು, ನಡುವಿನ ಕೊಳವೆಯಿಂದ ದಾರ ಎರಡೂ ಕಡೆ ಎಷ್ಟು ದೂರ ಎಂದು ಟೇಪಿನಿಂದ ಅಳೆದೆ. ಒಂದು ಕಡೆ ಹನ್ನೊಂದು ಮಿಲಿಮೀಟರು ಹೆಚ್ಚು. ಸಂದು ಇನ್ನೂ ಬೆಚ್ಚಗಿತ್ತು. ಮಹಬೂಬ ಮುಂಭಾಗವನ್ನು ಎದೆಗೆ ಒತ್ತಿ ಹಿಡಿದ, ಶಿವಪುತ್ರಪ್ಪನವರು ಬೂಟುಗಾಲನ್ನು ನೆಲಕ್ಕೆ ಊರಿ ಹಿಂಭಾಗ ಎಳೆದರು.

"ಸಾವಕಾಶ. ಇನ್ನೊಂದಿಷ್ಟು. ಸಾಕು! ಯಾರೂ ಉಸಿರಾಡಬೇಡಿ."

"ಡೆಲಿವರಿ ಮಾಡಿಸ್ದಂಗ ಆತಲ್ರಿ ಸಿಸ್ಟರ್!" ಎಂದರು ಶಿವಪುತ್ರಪ್ಪನವರು ಹಲ್ಲು ಕಚ್ಚಿಕೊಂಡು.

ಎರಡೂ ಕಡೆ ಸಮ ಬಂತು. ಎರಡು ಬಿದಿರಿನ ದಬ್ಬೆಗಳನ್ನು ಅತ್ತಿತ್ತ ಇಟ್ಟು ನನ್ನ ನಾಲ್ಕೂ ಕ್ರೇಪ್ ಬ್ಯಾಂಡೇಜು ಸುತ್ತಿದೆ. ಹನ್ನೆರಡಕ್ಕೆ ಸರಿಯಾಗಿ, ಡ್ರೈಯರಿಗೆ ಬಿಸಿಗಾಳಿ ಹೋಗುವ ಸಣ್ಣ ಕೋಣೆಯಲ್ಲಿ ಚೌಕಟ್ಟನ್ನು ಹಗ್ಗದಿಂದ ತೂಗುಹಾಕಿದೆವು. ಮೊದಲ ಗಂಟೆ ಐವತ್ತು ಡಿಗ್ರಿ, ಎರಡನೆಯ ಗಂಟೆ ಅರವತ್ತು, ಮೂರನೆಯದು ಎಪ್ಪತ್ತು. ಹದಿನೈದು ನಿಮಿಷಕ್ಕೊಮ್ಮೆ ಬಾಗಿಲಿನ ಡಯಲು ನೋಡಿ, ಜ್ವರದ ರೋಗಿಗೆ ಬರೆಯುವ ಹಾಗೆ ಹಾಳೆಯಲ್ಲಿ ಪಟ್ಟಿ ಬರೆದೆ. ನಡುವೆ ಮಿಲ್ಲಿನ ಮನೆಯಲ್ಲಿ ಊಟವಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಅವರದೇ ಮಿಲ್ಲಿನ ಅನ್ನ, ಸಾರು. ಮಹಬೂಬ ಎರಡು ತುತ್ತು ತಿಂದು ಎದ್ದು ಆ ಬಾಗಿಲ ಮುಂದೆ ಕೂತ. ಶಿವಪುತ್ರಪ್ಪನವರು ಬಂದು ಅವನ ಪಕ್ಕದಲ್ಲೇ ನೆಲಕ್ಕೆ ಕೂತರು.

"ಗಟ್ಟಿಯಾದ್ರ?" ಎಂದ ಮಹಬೂಬ.

"ಬಳ್ಳಾರಿ ಮುಟ್ಟಿ ಫೋನ್ ಮಾಡು. ಆರು ಸೈಕಲ್ ನಂದು. ಭಾನುವಾರಕ್ಕೊಮ್ಮಿ ಡ್ರೈಯರ್ ನಿಂದು. ಮುಟ್ಟಲಿಲ್ಲಂದ್ರ ಫೋನ್ ಮಾಡಬ್ಯಾಡ, ನನಗ ಕೆಟ್ಟ ಅನಸ್ತೈತಿ."

ಮೂರಕ್ಕೆ ಹೊರತೆಗೆದೆವು. ನೆರಳಲ್ಲಿ ಅರ್ಧ ಗಂಟೆ ತಣಿಯಲು ಬಿಟ್ಟು ದಬ್ಬೆ ಬಿಚ್ಚಿದೆ. ದಾರ ಹಿಡಿದು ಅಳೆದರೆ ಎರಡೂ ಕಡೆ ಸಮ. ಬೆರಳಿನಿಂದ ತಟ್ಟಿದರೆ ಬೆಳಗಿನ ಮಂದ ಸದ್ದಲ್ಲ, ಟಣ್ ಎಂಬ ಸದ್ದು. ಜೋಡಿಸಿ ಮುಗಿಸುವಾಗ ನಾಲ್ಕು ಐದು.

ಆಗ ಒಂದು ತೊಡಕು ಎದುರಾಯಿತು. ನನ್ನ ಮೊಣಕಾಲು ಊದಿ ಮಡಚಲು ಬರುತ್ತಿರಲಿಲ್ಲ. ರೋಗಿಯಾಗಿದ್ದರೆ ನಾನೇ ಬೈದು ಮಂಚಕ್ಕೆ ಕಳಿಸುತ್ತಿದ್ದೆ. ಮೊಪೆಡ್ಡಿನ ಕೀಲಿಗೆ ಕೈ ಚಾಚಿದೆ.

"ಮಹಬೂಬ, ನೀನು ಹತ್ತು."

"ನಾನಾ? ತೊಂಬತ್ತೆರಡು ಕಿಲೋ ಅದೀನ್ರಿ!"

"ಆರು ಜನರಿಗೆ ಮಾರುವವನು ನೀನು. ನಿನ್ನನ್ನು ಹೊರದ ಸೈಕಲ್ಲನ್ನು ಅವರಿಗೆ ಹೇಗೆ ಕೊಡುತ್ತೀಯ?"

ಅವನು ಬಿಸ್ಮಿಲ್ಲಾ ಎಂದು ಕಣ್ಣುಮುಚ್ಚಿ ಕೂತ. ಏನೂ ಆಗಲಿಲ್ಲ. ಒಂದು ಕಣ್ಣು ತೆರೆದ. ಶಿವಪುತ್ರಪ್ಪನವರು ಹಿಂದಿನಿಂದ ದೂಡಿಯೇಬಿಟ್ಟರು.

ಮರಳುವ ದಾರಿ ನೇರ ರಸ್ತೆ, ಐವತ್ತೈದು ಕಿಲೋಮೀಟರು. ನಾಲ್ಕು ಹತ್ತಕ್ಕೆ ಹೊರಟಾಗ ಉಷ್ಣಾಂಶ ಮೂವತ್ತೊಂಬತ್ತು, ಬಿಸಿಲು ಅವನ ಬಲಗೆನ್ನೆಯನ್ನೂ ಸೈಕಲ್ಲಿನ ಬಲಬದಿಯನ್ನೂ ಒಂದೇ ಸಮ ಸುಡುತ್ತಿತ್ತು. ಹೋಗುವಾಗ ಬೆಳಗಿನ ತಂಪಿತ್ತು, ನಿಜವಾದ ಪರೀಕ್ಷೆ ನಡೆದದ್ದು ಈಗ. ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ನಾನು ಹೆಬ್ಬೆರಳು ಒತ್ತುವುದು, ಅವನು ನೀರು ಕುಡಿಯುವುದು. ತೆಕ್ಕಲಕೋಟೆಯಲ್ಲಿ ಒತ್ತಿದೆ, ಗಟ್ಟಿ. ಅದರ ಮುಂದಿನ ನಿಲುಗಡೆಯಲ್ಲಿ ಒತ್ತಿದೆ, ಗಟ್ಟಿ. ಮೂರನೆಯ ಕಡೆ ಅವನೇ, "ಸಿಸ್ಟರಮ್ಮ, ಈಗ ನನ್ನ ತೊಡಿ ಒತ್ತಿ ನೋಡ್ರಿ, ಅದು ಮೆತ್ತಗಾಗೈತಿ," ಎಂದ.

ಆರೂವರೆಗೆ ಸೂರ್ಯ ಮುಳುಗುವ ಹೊತ್ತಿಗೆ ಅವನಿಗೆ ಹದ ಸಿಕ್ಕಿತ್ತು. ಹಾಡು ಗುನುಗುತ್ತಿದ್ದ. ಬಯಲಿನ ರಸ್ತೆಯಲ್ಲಿ ನಾನು ಮೊಪೆಡ್ಡಿನ ದೀಪ ಹಚ್ಚಿ ಅವನ ಮುಂದಕ್ಕೆ ಬೆಳಕು ಬೀಳುವಂತೆ ಹಿಂದೆ ಹಿಂದೆ ಹೋದೆ. ಆ ಬೆಳಕಿನಲ್ಲಿ ಅರಿಶಿನದ ಗೆರೆಯೊಂದೇ ಕಾಣುತ್ತಿತ್ತು, ಅದರ ಮೇಲೆ ಅಗಲವಾದ ಒಂದು ಬೆನ್ನು.

ಊರು ಹೊಕ್ಕಾಗ ಬೆಳಗಿನ ಲಾರಿಗಳ ಸಾಲು ಬೇರೆ ಕಡೆ ಉಳಿಯಿತು. ಆ ಚಾಲಕ ಇನ್ನೂ ಅಲ್ಲೇ ಇದ್ದಾನೋ ಹೇಗೋ, ನೋಡಿ ಬರುವ ಮನಸ್ಸಾದರೂ ಸಮಯವಿರಲಿಲ್ಲ. ಏಳು ಐವತ್ತೈದಕ್ಕೆ ಕೌಲ್ ಬಜಾರು. ಜುಬೇದಾ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲು ಗಾಲಿಗಳನ್ನು ನೋಡಿದಳು, ಆಮೇಲೆ ಗಂಡನನ್ನು.

"ನೀವು ಕುಂತಿದ್ರಾ?"

"ಸಿರುಗುಪ್ಪದಿಂದ."

"ಐವತ್ತೈದೂ?"

"ಐವತ್ತೈದೂ."

ಅವಳು ಎದ್ದು ಹೋಗಿ ಸೀಟಿನ ಕೆಳಗಿನ ಸಂದನ್ನು ತನ್ನ ಹೆಬ್ಬೆರಳಿನಿಂದ ಒತ್ತಿದಳು. ಆ ಬೆಳಿಗ್ಗೆಯಿಂದ ಅಲ್ಲಿ ಏನೇನಾಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸುಮ್ಮನೆ ಕೈ ಹೋದದ್ದು ಅಲ್ಲಿಗೇ. "ಇಳೀರಿ ಮತ್ತ. ಫೋನ್ ಮಾಡ್ರಿ ಅವನಿಗೆ," ಎಂದಳು.

ಮಹಬೂಬನಿಗೆ ಇಳಿಯಲು ಇಬ್ಬರ ಸಹಾಯ ಬೇಕಾಯಿತು. ಎರಡು ಫೋನು ಮಾಡಿದ. ಲಾರಿಯ ಮಾಲೀಕನಿಗೆ ಮಾಡಿದ್ದು ಅರ್ಧ ನಿಮಿಷ, ಸಿರುಗುಪ್ಪಕ್ಕೆ ಮಾಡಿದ್ದು ಹದಿನೆಂಟು ನಿಮಿಷ. ಅಷ್ಟರಲ್ಲಿ ನಾನು ಸೈಕಲ್ಲನ್ನು ಒರೆಸಿದೆ. ಚಾದರವನ್ನು ಮಡಿಸಿ ಕಪಾಟಿನಲ್ಲಿಟ್ಟೆ, ಇನ್ನು ಅದರ ಕೆಲಸವಿಲ್ಲ. ಬಿಸಿಯ ಪಟ್ಟಿಯನ್ನು ಕಡತಕ್ಕೆ ಸೇರಿಸಿದೆ. ಸೂಚನೆಯ ಹಾಳೆಯಲ್ಲಿ ನನ್ನ ಷರಾ ಹೊಡೆದುಹಾಕಿ, ಪಕ್ಕದಲ್ಲಿ ಮತ್ತೆ ಸಹಿ ಮಾಡಿದೆ.

ಉಳಿದದ್ದು ಗೋಡೆಯ ಹಲಗೆ. ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣ ತೆಗೆದುಕೊಂಡು ಬರೆದೆ: 'ಮೊದಲ ದಿನ ನೆರಳು. ಬಳಿಕ ಮೂರು ಗಂಟೆ ಬಿಸಿ, ಪಟ್ಟಿಯ ಪ್ರಕಾರ.' ಮಹಬೂಬ ಫೋನು ಮುಗಿಸಿ ಬಂದು ನನ್ನ ಹಿಂದೆ ನಿಂತಿದ್ದ. ಅವನ ಕೈಗೆ ಸೀಮೆಸುಣ್ಣ ಕೊಟ್ಟು, ಕೆಳಗೆ ನೀನೇನಾದರೂ ಸೇರಿಸುವುದಿದ್ದರೆ ಸೇರಿಸು ಎಂದೆ. ಅವನು ಬಹಳ ಹೊತ್ತು ಯೋಚಿಸಿ, ಸೊಟ್ಟಪಟ್ಟ ಅಕ್ಷರಗಳಲ್ಲಿ ಬರೆದ: 'ಕಪ್ಪು ಬಣ್ಣನೇ ಇರಲಿ.'

ಅದರ ಕೆಳಗೆ ಇಬ್ಬರೂ ಸಹಿ ಮಾಡಿದೆವು. ಸಮಯ ಎಂಟು ನಲವತ್ತು.